ಬದಲಿಯವರಿಗೆ ಬದಲಿ ಯಾರು?

ನಾವು ಮೂರನೆಯ ತರಗತಿಯಲ್ಲಿದ್ದಾಗ ಒಂದು ದಿನ ನಮ್ಮ ಆಪಾ ಕರಿಹಲಗೆಯ ಮೇಲೆ ಐವತ್ತೆರಡರಲ್ಲಿ ಇಪ್ಪತ್ತೇಳನ್ನು ಕಳೆಯುವ ಲೆಕ್ಕ ಬರೆದರು. ಗುಂಡ್ಲುಪೇಟೆಯ ಒಂದು ಉರ್ದು ಶಾಲೆ ಅದು. ಚಾಮರಾಜನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. 1997ರವರೆಗೆ ನಾವೆಲ್ಲ ಮೈಸೂರು ಜಿಲ್ಲೆಯವರೇ. "ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಮನೆಗೆ ಹೋಗಿ ಹತ್ತು ಸಾಲ ತರಬೇಕು" ಎಂದರು ಆಪಾ. ಸಾಲ ಕೊಟ್ಟ ಮನೆಯ ಗತಿ ಏನಾಯಿತು ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. "ಅದನ್ನು ನಾಳೆ ನೋಡೋಣ" ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಮರುದಿನ ಆಪಾ ಬರಲಿಲ್ಲ. ಹೆರಿಗೆಗೆಂದು ಹೋದವರು ಮೂರು ತಿಂಗಳು ಬರಲಿಲ್ಲ. ಅವರ ಜಾಗಕ್ಕೆ ಬೇರೆ ಯಾರೂ ಬರಲಿಲ್ಲ.

ನಮ್ಮನ್ನು ನಾಲ್ಕನೆಯ ತರಗತಿಯ ಹಿಂದೆ ಕೂರಿಸಿದರು. ಅಲ್ಲಿನ ಮೇಷ್ಟ್ರು ಒಳ್ಳೆಯವರು. ಆದರೆ ಅವರಿಗೆ ಅವರ ಮಕ್ಕಳೇ ಹೆಚ್ಚಾಗಿದ್ದರು. ನಮಗೆ ಕಾಪಿ ಬರೆಯಲು ಹೇಳಿ, ತುಟಿಯ ಮೇಲೆ ಬೆರಳಿಟ್ಟುಕೊಂಡು ಕೂರಲು ಹೇಳಿ ಅವರು ತಮ್ಮ ಪಾಠಕ್ಕೆ ತಿರುಗುತ್ತಿದ್ದರು. ಆ ಮೂರು ತಿಂಗಳಲ್ಲಿ ನಾವು ಕಲಿತದ್ದು ಸದ್ದು ಮಾಡದೆ ಕೂರುವ ವಿದ್ಯೆ ಒಂದನ್ನೇ. ಆಪಾ ತಿರುಗಿ ಬಂದಾಗ ಪರೀಕ್ಷೆ ಹತ್ತಿರವಿತ್ತು. ಕಳೆಯುವ ಲೆಕ್ಕ ಹಿಂದೆ ಬಿದ್ದಿತು. ಇಂದಿಗೂ ಅಂಗಡಿಯಲ್ಲಿ ಚಿಲ್ಲರೆ ತೆಗೆದುಕೊಳ್ಳುವಾಗ ನಾವು ಕಳೆಯುವುದಿಲ್ಲ, ಬೆರಳು ಮಡಿಸಿ ಮೇಲಕ್ಕೆ ಎಣಿಸುತ್ತೇವೆ.

ಬಹಳ ದಿನ ನಮಗೆ ಆಪಾರ ಮಗುವಿನ ಮೇಲೆ ಸಿಟ್ಟಿತ್ತು. ಅದು ಹುಟ್ಟದೇ ಇದ್ದಿದ್ದರೆ ಆಪಾ ಬರುತ್ತಿದ್ದರು ಎಂಬುದು ನಮ್ಮ ಎಂಟು ವರ್ಷದ ತರ್ಕ. ದೊಡ್ಡವರಾದ ಮೇಲೆ ಆ ತರ್ಕ ಬಿಟ್ಟುಹೋಯಿತು. ಆದರೆ ಅದೇ ತರ್ಕವನ್ನು ದೊಡ್ಡವರ ಬಾಯಲ್ಲಿ ನಾವು ಈಗಲೂ ಕೇಳುತ್ತಿದ್ದೇವೆ. "ಈ ಟೀಚರುಗಳಿಗೆ ಯಾವಾಗ ನೋಡಿದರೂ ರಜೆ, ಮಕ್ಕಳ ಗತಿ ಏನು?" ಎನ್ನುತ್ತಾರೆ. ತಾಯಿಯ ರಜೆಯನ್ನೂ ಮಗುವಿನ ಪಾಠವನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು, ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು ಎಂಬಂತೆ ಮಾತಾಡುತ್ತಾರೆ. ನಮಗೆ ಈ ತಕ್ಕಡಿಯ ಮೇಲೆಯೇ ಅನುಮಾನ. ಹೆರಿಗೆಯಾದವಳು ಮನೆಯಲ್ಲಿರಬೇಕು. ಕಾಯಿಲೆಯಾದವನು ಮಲಗಬೇಕು. ಮಗು ಆ ದಿನದ ಪಾಠವನ್ನು ಆ ದಿನ ಕಲಿಯಬೇಕು. ಇವು ಮೂರೂ ಏಕಕಾಲಕ್ಕೆ ನ್ಯಾಯ. ಇವುಗಳ ನಡುವೆ ಜಗಳ ಹುಟ್ಟುವುದು ನಡುವೆ ನಿಲ್ಲಬೇಕಾದ ಇನ್ನೊಬ್ಬ ವ್ಯಕ್ತಿ ಇಲ್ಲದಿದ್ದಾಗ ಮಾತ್ರ. ಆ ವ್ಯಕ್ತಿಗೆ ನಾವು ಬದಲಿ ಶಿಕ್ಷಕ ಎನ್ನುತ್ತೇವೆ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಅವರೇ ಇಲ್ಲ. ಇದ್ದವರನ್ನು ನಾವು ನಡೆಸಿಕೊಳ್ಳುವ ರೀತಿ ಸರಿಯಿಲ್ಲ.

ಶಾಲೆಯಲ್ಲಿ ಎರಡು ಬಗೆಯ ಖಾಲಿ ಇರುತ್ತದೆ. ಒಂದು ಹುದ್ದೆಯೇ ಖಾಲಿ ಇರುವುದು. ನಿವೃತ್ತಿಯಾಗಿ, ವರ್ಗವಾಗಿ, ನೇಮಕಾತಿ ನಡೆಯದೆ ಉಂಟಾಗುವುದು. ಇನ್ನೊಂದು ಹುದ್ದೆಯಲ್ಲಿ ಮನುಷ್ಯರಿದ್ದೂ ಕುರ್ಚಿ ಖಾಲಿ ಇರುವುದು; ಹೆರಿಗೆ, ಕಾಯಿಲೆ, ತರಬೇತಿ, ಸಮೀಕ್ಷೆ, ಚುನಾವಣೆ ಇತ್ಯಾದಿಗಳಿಂದ ಆಗುವುದು. ಮೊದಲನೆಯ ಖಾಲಿಗೆ ಸರ್ಕಾರ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುತ್ತದೆ. ಎರಡನೆಯದಕ್ಕೆ ನಮ್ಮ ಹಳ್ಳಿಶಾಲೆಗಳಲ್ಲಿ ಸಾಮಾನ್ಯವಾಗಿ ಕಾಣುವ ಮದ್ದು ನಿಯೋಜನೆ. ಪಕ್ಕದ ಊರಿನ ಶಾಲೆಯಿಂದ ಒಬ್ಬರನ್ನು ಕೆಲವು ದಿನಗಳ ಮಟ್ಟಿಗೆ ಕರೆಸುವುದು. ಆಪಾ ಅರ್ಧಕ್ಕೆ ಬಿಟ್ಟ ಲೆಕ್ಕದ ಉತ್ತರ ನಮಗೆ ಇಲ್ಲಿ ಸಿಕ್ಕಿತು. ಪಕ್ಕದ ಮನೆ ಸಾಲ ಕೊಟ್ಟರೆ ಪಕ್ಕದ ಮನೆಯಲ್ಲಿ ಒಂದು ಕಡಿಮೆಯಾಗುತ್ತದೆ. ಇಬ್ಬರು ಶಿಕ್ಷಕರಿರುವ ಶಾಲೆಯಿಂದ ಒಬ್ಬರನ್ನು ಎತ್ತಿದರೆ ಅದು ಏಕೋಪಾಧ್ಯಾಯ ಶಾಲೆಯಾಗುತ್ತದೆ. ಆ ಉಳಿದ ಒಬ್ಬರಿಗೆ ಜ್ವರ ಬಂದರೆ ಬೀಗ.

ಏಕೋಪಾಧ್ಯಾಯ ಶಾಲೆಗಳು ಅಪರೂಪವೇನಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ 2024-25ರ ಅಂಕಿ ಅಂಶಗಳ ಪ್ರಕಾರ ದೇಶದಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು 1,04,125. ಅವುಗಳಲ್ಲಿ ಓದುವ ಮಕ್ಕಳು 33 ಲಕ್ಷಕ್ಕೂ ಹೆಚ್ಚು. ಕರ್ನಾಟಕದ ಪಾಲು 7,349 ಶಾಲೆಗಳು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ನೋಡಿದರೆ, ಒಂದರಿಂದ ಐದನೆಯ ತರಗತಿಯ ಶಾಲೆಯಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಮಂಜೂರಾದ ಹುದ್ದೆಗಳಲ್ಲಿ ಖಾಲಿ ಶೇಕಡಾ 10ನ್ನು ಮೀರಬಾರದು ಎಂದು ಅದೇ ಕಾಯ್ದೆಯ 26ನೆಯ ಕಲಮು ಹೇಳುತ್ತದೆ. ಕಾಯ್ದೆ ಬರೆದವರಿಗೆ ಮೇಷ್ಟ್ರೂ ಮನುಷ್ಯರೇ, ಅವರಿಗೂ ತಲೆನೋವು ಬರುತ್ತದೆ ಎಂಬುದು ಗೊತ್ತಿತ್ತು. ಇಬ್ಬರಿರಲಿ ಎಂದದ್ದರ ಅರ್ಥ ಅದೇ.

ನಮ್ಮ ಪರಿಚಯದ ಒಬ್ಬ ಹುಡುಗಿಯ ವಿಷಯ ಹೇಳುತ್ತೇವೆ. ಚಾಮರಾಜನಗರದ ಗಾಳೀಪುರದವಳು. ನಮ್ಮನ್ನು ಮಾಮೂ ಎಂದು ಕರೆಯುತ್ತಾಳೆ. ಡಿ.ಎಡ್. ಮಾಡಿದ್ದಾಳೆ, ಕನ್ನಡ ಮಾಧ್ಯಮದಲ್ಲಿ. ತೆರಕಣಾಂಬಿ ಮಾರ್ಗದಲ್ಲಿ ಗುಂಡ್ಲುಪೇಟೆಗೆ ಹೋಗುವ ಬಸ್ಸು ಹತ್ತಿ, ದಾರಿಯಲ್ಲಿ ಒಂದು ಕೈಕಂಬದ ಬಳಿ ಇಳಿದು, ಎರಡು ಮೈಲಿ ನಡೆದರೆ ಅವಳು ಅತಿಥಿ ಶಿಕ್ಷಕಿಯಾಗಿದ್ದ ಶಾಲೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಚಾರ್ಜು ಉಳಿಯಿತು ಎಂದು ಸಂತೋಷಪಟ್ಟಿದ್ದಳು. ಆಗ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 10,000 ರೂಪಾಯಿ. 2025-26ರಲ್ಲಿ ಅದನ್ನು 12,000ಕ್ಕೆ ಏರಿಸಿದರು. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 400 ರೂಪಾಯಿ. ಅದೂ ತಿಂಗಳಾದೊಡನೆ ಕೈಗೆ ಬರುವುದಿಲ್ಲ, ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುತ್ತದೆ. ಶಾಲೆಯ ವರ್ಷ ಮುಗಿದರೆ ಕೆಲಸವೂ ಮುಗಿಯಿತು. ಬೇಸಿಗೆಗೆ ಸಂಭಾವನೆಯಿಲ್ಲ. ಜೂನಿನಲ್ಲಿ ಮತ್ತೆ ಅರ್ಜಿ. ಖಾಯಂ ಶಿಕ್ಷಕರು ಬಂದರೆ ಆ ದಿನವೇ ಬಿಡುಗಡೆ.

ಆ ಶಾಲೆಯ ಮಕ್ಕಳಲ್ಲಿ ಹಲವರ ತಂದೆತಾಯಿ ಶುಂಠಿ ಹೊಲದ ಕೂಲಿಗೆಂದು ವಯನಾಡಿನ ಕಡೆ ಹೋಗುವವರು. ಮಕ್ಕಳು ಅಜ್ಜಿಯರ ಜೊತೆ ಇರುತ್ತಾರೆ. ಒಂದು ಹುಡುಗಿ ದಿನವೂ ಸಂಜೆ ಇವಳ ಸೆರಗು ಹಿಡಿದು ಕೇಳುತ್ತಿದ್ದಳಂತೆ: "ನಾಳ್ಕೂ ಬತ್ತೀರಾ ಮಿಸ್ಸು?" ಮೊದಮೊದಲು ಅದು ಪ್ರೀತಿಯ ಮಾತೆಂದು ಇವಳು ನಗುತ್ತಿದ್ದಳು. ಆಮೇಲೆ ಗೊತ್ತಾಯಿತು, ಆ ಮಗು ಎರಡು ವರ್ಷದಲ್ಲಿ ನಾಲ್ಕು ಜನ ಮಿಸ್ಸುಗಳನ್ನು ಕಂಡಿತ್ತು. ಅದು ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳುತ್ತಿತ್ತು.

ಮರುವರ್ಷ ಇವಳಿಗೇ ಹೆರಿಗೆಯ ದಿನ ಬಂತು. ಅದೇ ಶಾಲೆಯ ಖಾಯಂ ಶಿಕ್ಷಕಿಯಾಗಿದ್ದರೆ 180 ದಿನ ಸಂಬಳಸಹಿತ ರಜೆ. ಇವಳಿಗೆ ಒಂದು ದಿನವೂ ಇಲ್ಲ. ಏಳು ತಿಂಗಳವರೆಗೆ ಆ ಎರಡು ಮೈಲಿ ನಡೆದಳು. ಆಮೇಲೆ ಬರುವುದಿಲ್ಲ ಎಂದು ಒಂದು ಕಾಗದ ಬರೆದುಕೊಟ್ಟು ಬಂದಳು. ಶಾಲೆಯವರು ಬೇರೆಯವರಿಗಾಗಿ ಹುಡುಕಿದರು. ವರ್ಷದ ನಡುವೆ, ಇಷ್ಟು ಸಂಭಾವನೆಗೆ, ಎರಡು ಮೈಲಿ ನಡೆದು ಬರುವವರು ಸಿಗಲಿಲ್ಲ. ಆ ಮಕ್ಕಳನ್ನು ನಾಲ್ಕನೆಯ ತರಗತಿಯ ಹಿಂದೆ ಕೂರಿಸಿದರು ಎಂದು ಅವಳು ಹೇಳಿದಾಗ ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೂವತ್ತು ವರ್ಷದ ಮೇಲಾಗಿದೆ. ಶಾಲೆಯಲ್ಲಿ ಬಿಸಿಯೂಟ ಬಂದಿದೆ, ಹಾಲು ಬಂದಿದೆ, ಮೊಟ್ಟೆ ಬಂದಿದೆ, ಕೋಣೆಗಳ ಮೇಲೆ ತಾರಸಿ ಬಂದಿದೆ. ಮೇಷ್ಟ್ರು ಬರದ ದಿನ ಮಕ್ಕಳನ್ನು ಏನು ಮಾಡಬೇಕೆಂಬುದಕ್ಕೆ ಮಾತ್ರ ನಮ್ಮ ಹತ್ತಿರ ಅದೇ ಹಳೆಯ ಉತ್ತರವಿದೆ.

2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಗುತ್ತಿಗೆ ವೈದ್ಯೆಯೊಬ್ಬರ ಪ್ರಕರಣದಲ್ಲಿ, ಗುತ್ತಿಗೆಯ ಅವಧಿ ಮುಗಿದುಹೋದರೂ ಹೆರಿಗೆಯ ಸೌಲಭ್ಯ ಕೊಡಬೇಕು ಎಂದು ತೀರ್ಪಿತ್ತಿದೆ. ತೀರ್ಪು ದೆಹಲಿಯಿಂದ ತೆರಕಣಾಂಬಿ ಮಾರ್ಗದ ಕೈಕಂಬಕ್ಕೆ ಬರಲು ಯಾವ ಬಸ್ಸು ಹತ್ತಬೇಕೋ ನಮಗೆ ತಿಳಿಯದು.

ಇಲ್ಲಿ ಒಂದು ಎದುರು ಮಾತಿದೆ, ಅದನ್ನು ಬಿಟ್ಟುಬಿಟ್ಟರೆ ನ್ಯಾಯವಾಗದು. ತಾತ್ಕಾಲಿಕವಾಗಿ ಬಂದವರಿಗೆಲ್ಲ ಹಕ್ಕು ಕೊಡುತ್ತಾ ಹೋದರೆ, ಟಿಇಟಿ ಬರೆದು, ಸ್ಪರ್ಧಾ ಪರೀಕ್ಷೆ ಬರೆದು, ಮೀಸಲಾತಿಯ ಸಾಲಿನಲ್ಲಿ ನಿಂತು ಕಾಯುತ್ತಿರುವವರ ಗತಿ ಏನು? 2006ರ ಏಪ್ರಿಲ್ 10ರಂದು ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎತ್ತಿದ್ದು ಇದೇ ಪ್ರಶ್ನೆ. ಆ ಪ್ರಕರಣ ನಮ್ಮ ರಾಜ್ಯದ್ದೇ, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರದ್ದು. ಹಿಂಬಾಗಿಲಿಂದ ಬಂದವರು ಖಾಯಮಾತಿಯನ್ನು ಹಕ್ಕಾಗಿ ಕೇಳುವಂತಿಲ್ಲ ಎಂದಿತು ಪೀಠ. ಮುಂಬಾಗಿಲಲ್ಲಿ ನಿಂತವರ ಪರವಾಗಿ ಆಡಿದ ಆ ಮಾತಿನಲ್ಲಿ ತಪ್ಪಿಲ್ಲ. ಆದರೆ ಮುಂಬಾಗಿಲು ತೆರೆಯುವುದು ಯಾವಾಗ? 2022ರಲ್ಲಿ ನಮ್ಮ ರಾಜ್ಯದಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಅಧಿಸೂಚನೆ ಹೊರಟಿತು. ವಿವಾಹಿತ ಮಹಿಳೆಯ ಜಾತಿ ಪ್ರಮಾಣಪತ್ರ ತಂದೆಯದ್ದೋ ಗಂಡನದ್ದೋ ಎಂಬ ವಿವಾದ ಹೈಕೋರ್ಟಿಗೆ ಹೋಯಿತು. ಆಯ್ಕೆಯಾದವರು ಶಾಲೆಗೆ ಸೇರುವ ಹೊತ್ತಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು. ಅಷ್ಟೂ ದಿನ ತರಗತಿ ನಡೆಸಿದವರು ಅತಿಥಿಗಳು. ಮುಂಬಾಗಿಲಿಗೆ ಬೀಗ ಹಾಕಿಕೊಂಡು, ಹಿಂಬಾಗಿಲಿಂದ ಕರೆದು ಕೆಲಸ ಮಾಡಿಸಿಕೊಂಡು, ಆಮೇಲೆ "ನೀನು ಹಿಂಬಾಗಿಲಿಂದ ಬಂದವಳು" ಎನ್ನುವುದು ಯಾವ ನೀತಿ? 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ, ಉಮಾದೇವಿ ತೀರ್ಪನ್ನು ವರ್ಷಗಟ್ಟಲೆ ದುಡಿದವರ ವಿರುದ್ಧದ ಆಯುಧ ಮಾಡಿಕೊಳ್ಳಬೇಡಿ ಎಂಬ ಅರ್ಥದ ಮಾತು ಹೇಳಿದೆ. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಅಧ್ಯಾಪಕರ ಪ್ರಕರಣದಲ್ಲಿ, ಸಭೆಗಳಲ್ಲಿ ಗುರುವನ್ನು ದೇವರೆಂದು ಸ್ತುತಿಸಿ ಸಂಬಳದಲ್ಲಿ ಕಡೆಗಣಿಸುವುದು ಸಲ್ಲದು ಎಂದೂ ಹೇಳಿದೆ.

ಸಂಬಳದ ವಿಷಯ ಒಂದಾದರೆ ಸಿದ್ಧತೆಯ ವಿಷಯ ಇನ್ನೊಂದು. ನಮ್ಮ ನೆರೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ನಲಿ-ಕಲಿ ಶುರುವಾಯಿತು. ಆಂಧ್ರದ ರಿಷಿವ್ಯಾಲಿಯ ಪ್ರಯೋಗ ನೋಡಿಬಂದ ನಮ್ಮ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳೇ ಕೂತು ಕಟ್ಟಿದ ಪದ್ಧತಿ ಅದು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು, ಕಲಿಕಾ ಏಣಿಯ ಮೇಲೆ ತಮ್ಮ ತಮ್ಮ ಮೈಲಿಗಲ್ಲಿನಿಂದ ಮುಂದಕ್ಕೆ ಹೋಗುತ್ತಾರೆ. ರಜೆ ಹಾಕಿ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಎಷ್ಟು ಮಾನವೀಯವಾದ ಯೋಚನೆ! ಮಗು ಬರದ ದಿನಕ್ಕೆ ಏಣಿಯಲ್ಲಿ ಜಾಗವಿದೆ. ಮೇಷ್ಟ್ರು ಬರದ ದಿನಕ್ಕೆ ಇಲ್ಲ. ನಿಯೋಜನೆಯ ಮೇಲೆ ಎರಡು ದಿನಕ್ಕೆಂದು ಬಂದವರಿಗೆ ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂದು ತಿಳಿಯುವಷ್ಟರಲ್ಲಿ ಹಿಂದಿರುಗುವ ಆದೇಶ ಬಂದಿರುತ್ತದೆ. ಕಾರ್ಡುಗಳು ಪೆಟ್ಟಿಗೆಯಲ್ಲೇ ಇರುತ್ತವೆ. ಬೋರ್ಡಿನ ಮೇಲೆ ಕಾಪಿ ಬರೆಯುವ ಕೆಲಸ ಬರುತ್ತದೆ.

ಇನ್ನು ಮೇಷ್ಟ್ರನ್ನು ನಾವೇ ಶಾಲೆಯಿಂದ ಎಬ್ಬಿಸಿಕೊಂಡು ಹೋಗುವ ದಿನಗಳು. ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರನ್ನು ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಕಲಮು ಹೇಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಸುತ್ತಿದವರಲ್ಲಿ ಹೆಚ್ಚಿನವರು ಶಿಕ್ಷಕರು. ಕೆಲಸ ಮುಗಿಯದೆ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ನಾವು ಸಮೀಕ್ಷೆಯ ವಿರೋಧಿಗಳಲ್ಲ. ನಮ್ಮ ಬಡತನವೂ ನಮ್ಮ ಓದಿನ ಕೊರತೆಯೂ ಎಣಿಕೆಗೆ ಸಿಗಬೇಕು ಎಂದು ಕೇಳುತ್ತಾ ಬಂದವರು ನಾವು. ಆದರೆ ಮಕ್ಕಳ ಓದಿನ ಕೊರತೆಯನ್ನು ಎಣಿಸಲು ಮಕ್ಕಳ ಓದನ್ನೇ ನಿಲ್ಲಿಸಬೇಕಾದ ಸ್ಥಿತಿಯ ಬಗ್ಗೆ ನಾಚಿಕೆಯೂ ಆಗಬೇಕು.

ಇದು ಬಡ ದೇಶದ ಸಮಸ್ಯೆ ಮಾತ್ರ ಎಂದು ತಿಳಿಯಬೇಡಿ. ಜಪಾನಿನ ಶಿಕ್ಷಣ ಸಚಿವಾಲಯ 2022ರ ಜನವರಿಯಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಆಗ ನಡೆಯುತ್ತಿದ್ದ ಶೈಕ್ಷಣಿಕ ವರ್ಷದ ಆರಂಭದ ದಿನ ಅಲ್ಲಿನ ಸಾರ್ವಜನಿಕ ಶಾಲೆಗಳಲ್ಲಿ 2,558 ಶಿಕ್ಷಕರು ಕಡಿಮೆ ಬಿದ್ದಿದ್ದರು ಎಂದಿದೆ. ಹೆರಿಗೆ ಮತ್ತು ಶಿಶುಪಾಲನೆಯ ರಜೆ ಪಡೆಯುವವರು ಹೆಚ್ಚಿದರು, ಬದಲಿಗೆ ಬರುತ್ತಿದ್ದ ತಾತ್ಕಾಲಿಕ ಶಿಕ್ಷಕರ ಪಟ್ಟಿ ಬರಿದಾಗಿತ್ತು. ಆದರೆ ಅವರು ಎಣಿಸಿದ್ದನ್ನು ಗಮನಿಸಿ. ಇಂಥ ದಿನ ಇಷ್ಟು ತರಗತಿಗಳ ಮುಂದೆ ನಿಲ್ಲಲು ಜನವಿರಲಿಲ್ಲ ಎಂದು ಲೆಕ್ಕ ಹಾಕಿ ಊರಿಗೆಲ್ಲ ಹೇಳಿದರು. ನಮ್ಮಲ್ಲಿ ಮೇಷ್ಟ್ರ ಹಾಜರಿ ಪುಸ್ತಕವಿದೆ, ಮಕ್ಕಳ ಹಾಜರಿ ಪುಸ್ತಕವಿದೆ. ಪಾಠದ ಹಾಜರಿಗೆ ಪುಸ್ತಕವಿಲ್ಲ.

ನಮ್ಮ ಮಸೀದಿಗಳಲ್ಲಿ ಒಂದು ಪದ್ಧತಿಯಿದೆ. ಜಮಾಅತ್ ನಮಾಜಿನ ನಡುವೆ ಇಮಾಮರ ವುಝೂ ಮುರಿದರೆ ಅವರು ಹಿಂದೆ ಸರಿದು, ಹಿಂದಿನ ಸಾಲಿನ ಒಬ್ಬರನ್ನು ಮುಂದೆ ನಿಲ್ಲಿಸುತ್ತಾರೆ. ಅವರು ನಿಂತಲ್ಲಿಂದಲೇ ಮುಂದುವರಿಸುತ್ತಾರೆ. ಬದಲಿಯವರ ಹಿಂದೆ ಮಾಡಿದ ನಮಾಜು ಅರ್ಧ ನಮಾಜಲ್ಲ, ಪೂರ್ತಿ ನಮಾಜೇ. ಅದಕ್ಕೆಂದೇ ತಿಳಿದವರು ಇಮಾಮರ ಹಿಂದೆ ನಿಲ್ಲುವ ರೂಢಿ. ನಮ್ಮ ಸೀಮೆಯಲ್ಲಿ ಮಂಟೇಸ್ವಾಮಿಯ ಕತೆ ಹಾಡುವ ನೀಲಗಾರರನ್ನು ಕೇಳಿದವರಿಗೂ ಇದು ಗೊತ್ತು. ಮುಂದೆ ಹಾಡುವವನು ಉಸಿರು ತೆಗೆದುಕೊಳ್ಳುವಲ್ಲಿ ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳುತ್ತಾರೆ, ಕತೆ ನಿಲ್ಲುವುದಿಲ್ಲ. ಸಾರಿಗೆ ಸಂಸ್ಥೆಯ ಡಿಪೋದಲ್ಲೂ ಚಾಲಕನೊಬ್ಬ ರಜೆ ಹಾಕಿದರೆ ಬಸ್ಸು ತೆಗೆಯಲು ಇನ್ನೊಬ್ಬನನ್ನು ಇಟ್ಟುಕೊಂಡಿರುತ್ತಾರೆ. ಅವನು ತೆಗೆದ ಬಸ್ಸು ಅರ್ಧ ದಾರಿಗೆ ನಿಲ್ಲುವುದಿಲ್ಲ. ನಿಲ್ಲಬಾರದು ಎಂದು ನಾವು ಬಗೆದ ಕೆಲಸಕ್ಕೆಲ್ಲ ಹಿಂದಿನ ಸಾಲಿನಲ್ಲಿ ಒಬ್ಬರನ್ನು ಮೊದಲೇ ಸಿದ್ಧಮಾಡಿ ನಿಲ್ಲಿಸಿದ್ದೇವೆ. ಹಳ್ಳಿಶಾಲೆಯ ಮೂರನೆಯ ತರಗತಿಯ ಕಳೆಯುವ ಲೆಕ್ಕ ಆ ಪಟ್ಟಿಯಲ್ಲಿಲ್ಲ.

ಯಾಕಿಲ್ಲ ಎಂದು ಕೇಳಿಕೊಂಡರೆ ಉತ್ತರ ನಮ್ಮ ಮನೆಯಲ್ಲೇ ಇದೆ. ನಾವು ವೇದಿಕೆಯ ಮೇಲೆ ಉರ್ದು ಉಳಿಯಲಿ, ಕನ್ನಡ ಉಳಿಯಲಿ ಎಂದು ಭಾಷಣ ಮಾಡುತ್ತೇವೆ. ನಮ್ಮ ಮಕ್ಕಳು ಇಂಗ್ಲಿಷ್ ಶಾಲೆಯ ವ್ಯಾನು ಹತ್ತುತ್ತಾರೆ. ಆ ಶಾಲೆಯಲ್ಲಿ ವಾರಗಟ್ಟಲೆ ಪಾಠ ನಡೆಯದಿದ್ದರೆ ನಾವು ಫೋನು ಮಾಡುತ್ತೇವೆ, ಮರುದಿನ ಯಾರಾದರೂ ಬಂದಿರುತ್ತಾರೆ. ಫೋನು ಮಾಡಬಲ್ಲ ತಂದೆತಾಯಿಯ ಮಕ್ಕಳಿಗೆ ಬದಲಿ ಮೇಷ್ಟ್ರು ಸಿಗುತ್ತಾರೆ. ಶುಂಠಿ ಹೊಲದಲ್ಲಿರುವ ತಂದೆತಾಯಿಯ ಮಗಳು ಮಾತ್ರ ಮಿಸ್ಸಿನ ಸೆರಗು ಹಿಡಿದು ಕೇಳಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂಬುದು ಊರಿನವರ ಕೈಯಲ್ಲಿ 2001ರಿಂದ ಇದೆ. ಅದರ ಸಭೆಗೆ ಅಜ್ಜಿಯರ ಜೊತೆ ಹೋಗಿ ಕೂರಲು ಓದಿದವರಿಗೆ ಯಾರ ಅಡ್ಡಿಯೂ ಇರಲಿಲ್ಲ.

ಹಾಗಾದರೆ ಆಗಬೇಕಾದ್ದು ಏನು? 2025-26ರಲ್ಲಿ ರಾಜ್ಯದ ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಿಗೆ ಸುಮಾರು 51,000 ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಲು ಸರ್ಕಾರ ಒಪ್ಪಿತು. ಇಷ್ಟು ಜನ ಬೇಕಾದ ಕೆಲಸ ತಾತ್ಕಾಲಿಕವಲ್ಲ. ಖಾಲಿ ಹುದ್ದೆಗೆ ಖಾಯಂ ನೇಮಕಾತಿ ಕಾಲಕಾಲಕ್ಕೆ ನಡೆಯಲಿ, ಮುಂಬಾಗಿಲಿನಿಂದಲೇ ನಡೆಯಲಿ. ಅದರ ಜೊತೆಗೆ ಪ್ರತಿ ಕ್ಲಸ್ಟರಿನಲ್ಲಿ ಒಬ್ಬಿಬ್ಬರು ಮೀಸಲು ಶಿಕ್ಷಕರಿರಲಿ. ಅವರನ್ನೂ ಪರೀಕ್ಷೆ ಮತ್ತು ಮೀಸಲಾತಿಯ ನಿಯಮದಂತೆ ಆರಿಸಲಿ. ಹನ್ನೆರಡು ತಿಂಗಳ ಸಂಬಳ, ರಜೆ, ಹೆರಿಗೆ ಸೌಲಭ್ಯ ಇರಲಿ. ಬದಲಿಗೆ ಹೋಗುವುದೇ ಅವರ ಕೆಲಸವಾಗಲಿ. ಯಾರೂ ರಜೆ ಹಾಕದ ದಿನ ಅವರು ಕ್ಲಸ್ಟರಿನ ಶಾಲೆಗಳನ್ನು ಸುತ್ತಲಿ, ಮಕ್ಕಳ ಹೆಸರು ಕಲಿಯಲಿ, ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಎಂದು ತಿಳಿದಿರಲಿ. ಉರ್ದು ಶಾಲೆಗಳಿರುವ ಕಡೆ ಉರ್ದು ಬಲ್ಲವರೊಬ್ಬರು ಆ ಪಟ್ಟಿಯಲ್ಲಿರಲಿ. ಇದಕ್ಕೆ ಹಣವೆಲ್ಲಿ ಎಂದು ಕೇಳುವವರಿಗೆ ನಮ್ಮದೊಂದು ಸಣ್ಣ ಮಾತು: ಈಗಲೂ ಇದರ ಬೆಲೆಯನ್ನು ಒಬ್ಬರು ತೆರುತ್ತಲೇ ಇದ್ದಾರೆ. ತೆರುವವರ ವಯಸ್ಸು ಎಂಟು ವರ್ಷ. ಅವರು ರಸೀದಿ ಕೇಳುವುದಿಲ್ಲ ಅಷ್ಟೇ.

ಅಲ್ಲಿಯವರೆಗೆ ನಮ್ಮಂಥವರು ಹೋಗಿ ಪಾಠ ಮಾಡಬಾರದೇ ಎಂದು ಕೇಳಬಹುದು. ಮಾಡಬಹುದು. ನಾವೂ ಕೆಲವು ದಿನ ಹೋಗಿ ಕತೆ ಹೇಳಿ ಬಂದಿದ್ದೇವೆ. ಆದರೆ ಕತೆ ಹೇಳಿ ಬರುವುದು ಬೇರೆ, ಆ ಮಗುವಿಗೆ ಕಳೆಯುವ ಲೆಕ್ಕ ಬಂತೋ ಇಲ್ಲವೋ ಎಂದು ವರ್ಷವಿಡೀ ತಲೆಕೆಡಿಸಿಕೊಳ್ಳುವುದು ಬೇರೆ. ನಮ್ಮ ಒಳ್ಳೆಯತನ ಸರ್ಕಾರಕ್ಕೆ ನೆಪವಾಗಬಾರದು.

ಗಾಳೀಪುರದ ಹುಡುಗಿ ಮಗುವನ್ನು ತಾಯಿಯ ಬಳಿ ಬಿಟ್ಟು ಮತ್ತೆ ಅತಿಥಿ ಶಿಕ್ಷಕಿಯಾಗಿದ್ದಾಳೆ, ಬೇರೆ ಊರಿನ ಶಾಲೆಯಲ್ಲಿ. ಹಳೆಯ ಶಾಲೆಯ ಆ ಮಗು ಈಗ ಯಾವ ತರಗತಿ ಎಂದು ಕೇಳಿದೆವು. ಐದನೆಯದು ಇರಬೇಕು ಎಂದಳು. ಸ್ವಲ್ಪ ಹೊತ್ತು ಬಿಟ್ಟು ತಾನಾಗಿಯೇ ಹೇಳಿದಳು: "ನಾಳೆ ಬರ್ತೀರಾ ಅಂತ ಕೇಳಿದಾಗೆಲ್ಲ ಬರ್ತೀನಿ ಅಂತಿದ್ದೆ ಮಾಮೂ. ಕೊನೇ ದಿನಾನೂ ಬಾಯಿ ತಪ್ಪಿ ಹಾಗೇ ಅಂದುಬಿಟ್ಟೆ."